ಮೊಟ್ಟೆ ಇಡುವ ಕಾರ್ಡು, ಮಳೆ ಕೇಳದ ಹೊಲ

ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹಾರಿಹೋಗುತ್ತದೆ ಎಂಬುದು ಹಳ್ಳಿಯ ಮಕ್ಕಳಿಗೆ ಪುಸ್ತಕ ತೆರೆಯದೆಯೂ ಗೊತ್ತು. ಅಮೆರಿಕದಲ್ಲಿ ಇದೇ ಜಾಯಮಾನದ ಹಕ್ಕಿಯ ಹೆಸರು ಕೌಬರ್ಡ್. ಪಕ್ಷಿ ವೀಕ್ಷಣೆಯ ಹುಚ್ಚಿನ ಎಲಿಜಬೆತ್ ಹಾರ್ಗ್ರೇವ್ ರೂಪಿಸಿ, 2019ರಲ್ಲಿ ಹೊರಬಂದ ‘ವಿಂಗ್‌ಸ್ಪ್ಯಾನ್’ ಆಟದಲ್ಲಿ ಈ ಹಕ್ಕಿಯದೊಂದು ಕಾರ್ಡಿದೆ. ಆ ಕಾರ್ಡಿನ ಮೇಲೆ ಗೂಡಿನ ಗುರುತಿಲ್ಲ, ಮೊಟ್ಟೆ ಇಡಲು ಜಾಗವೂ ಇಲ್ಲ. ಆದರೆ ಎದುರಿಗೆ ಕೂತವರು ಮೊಟ್ಟೆ ಇಡುವ ಸರದಿ ಆರಿಸಿಕೊಂಡರೆ ಸಾಕು, ಕೌಬರ್ಡ್ ಇಟ್ಟುಕೊಂಡವರು ತಮ್ಮಲ್ಲಿರುವ ಬಟ್ಟಲಿನಾಕಾರದ ಗೂಡಿನ ಬೇರೊಂದು ಹಕ್ಕಿಯ ಮೇಲೆ ಒಂದು ಮೊಟ್ಟೆ ಇಟ್ಟುಬಿಡಬಹುದು. ತನ್ನ ಸರದಿ ಅಲ್ಲದ ಹೊತ್ತಿನಲ್ಲಿ, ಮತ್ತೊಬ್ಬರ ದುಡಿಮೆಯ ನೆಪದಲ್ಲಿ, ಮತ್ತೊಂದರ ಗೂಡಿನಲ್ಲಿ! ಹಕ್ಕಿಯ ಇಡೀ ಸ್ವಭಾವ ಒಂದು ಸಾಲಿನ ನಿಯಮದೊಳಗೆ ಬಂದು ಕೂತಿದೆ.

ಇಂಥ ಕಾರ್ಡುಗಳ ಆಟವನ್ನು ಆಟಪ್ರಿಯರು ಟ್ಯಾಬ್ಲೋ ಆಟ ಎನ್ನುತ್ತಾರೆ. ಪ್ರತಿಯೊಬ್ಬರೂ ಬೆಲೆ ತೆತ್ತು ಒಂದೊಂದೇ ಕಾರ್ಡನ್ನು ತಮ್ಮ ಮುಂದೆ ಹರಡುತ್ತ ಹೋಗುತ್ತಾರೆ. ಒಮ್ಮೆ ಇಳಿಸಿದ ಕಾರ್ಡು ಅಲ್ಲಿಯೇ ಉಳಿದು ಮುಂದಿನ ಸರದಿಗಳಿಗೆಲ್ಲ ದುಡಿಯುತ್ತದೆ. ಒಂದು ಕಾರ್ಡು ಇನ್ನೊಂದಕ್ಕೆ ಒತ್ತಾಸೆಯಾಗುತ್ತದೆ. ಆಟ ಮುಗಿಯುವ ಹೊತ್ತಿಗೆ ಒಬ್ಬೊಬ್ಬರ ಮುಂದೆಯೂ ಒಂದೊಂದು ಕಾಡೋ ಊರೋ ಹೊಲಮನೆಯೋ ಎದ್ದಿರುತ್ತದೆ. ಅದು ನಿಜಕ್ಕೂ ಕಾಡೇ, ಅಥವಾ ಕಾಡಿನ ಚಿತ್ರ ಹಚ್ಚಿದ ಲೆಕ್ಕದ ಪಟ್ಟಿಯೇ ಎಂಬುದು ಈ ಆಟಗಳನ್ನು ಪ್ರೀತಿಸುವವರು ಕೇಳಲೇಬೇಕಾದ ಪ್ರಶ್ನೆ.

ಒರೆಗೆ ಹಚ್ಚಲು ಸುಲಭದ ದಾರಿಯಿದೆ. ಕಾರ್ಡಿನ ಚಿತ್ರವನ್ನೂ ಹೆಸರನ್ನೂ ಕೈಯಿಂದ ಮುಚ್ಚಿ, ಬರಿಯ ನಿಯಮ ಓದಿ ನೋಡಬೇಕು. ವಿಂಗ್‌ಸ್ಪ್ಯಾನ್‌ನ 170 ಹಕ್ಕಿಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಕಟ್ಟಿನ ಮೇಲಿನ ಕಾರ್ಡು ತೆರೆದು, ಅದರ ರೆಕ್ಕೆಯ ಹರವು 75 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತನ್ನ ಕೆಳಗೆ ಸೇರಿಸಿಕೊಳ್ಳುವ ಕಾರ್ಡು ಯಾವುದೆಂದು ಯಾರಾದರೂ ಹೇಳಬಲ್ಲರು: ಬೇಟೆಗಾರ ಹಕ್ಕಿ. ದೊಡ್ಡ ಹಕ್ಕಿ ಸಿಕ್ಕರೆ ಬೇಟೆ ತಪ್ಪಿತು, ಸರದಿ ಬರಿದಾಯಿತು. ಬೇರೆಯವರ ಬೇಟೆಗಾರ ಹಕ್ಕಿಗೆ ಬೇಟೆ ಸಿಕ್ಕಾಗಲೆಲ್ಲ ಕಾಳಿನ ತಟ್ಟೆಯಿಂದ ಆಹಾರದ ಒಂದು ದಾಳ ಎತ್ತಿಕೊಳ್ಳುವ ಕಾರ್ಡು ರಣಹದ್ದಿನದು. ಈ ಆಟಕ್ಕೆ ಹೊರಬಂದ ವರ್ಷವೇ ಜರ್ಮನಿಯ ‘ಕೆನರ್‌ಶ್ಪೀಲ್ ದೆಸ್ ಯಾರೆಸ್’ ಪ್ರಶಸ್ತಿ ಬಂತು. ಚೆಲುವಾದ ಚಿತ್ರಗಳು ಜನರನ್ನು ಸೆಳೆದದ್ದು ನಿಜ, ಆದರೆ ಆಡಿದವರು ಹಕ್ಕಿಗಳನ್ನು ನೆನಪಿಟ್ಟುಕೊಳ್ಳುವುದು ಅವು ಮಾಡುವ ಕೆಲಸದಿಂದ.

ಅದರಲ್ಲೂ ಸಡಿಲ ಗಂಟುಗಳಿವೆ. ಒಂದು ಸಾಲಿನಲ್ಲಿ ಎರಡನೆಯ ಹಕ್ಕಿ ಇಳಿಸಬೇಕಾದರೆ ಒಂದು ಮೊಟ್ಟೆ, ನಾಲ್ಕನೆಯದಕ್ಕೆ ಎರಡು ಮೊಟ್ಟೆ ಬೆಲೆಯಾಗಿ ತೆರಬೇಕು. ಮೊಟ್ಟೆ ಕೊಟ್ಟು ಹಕ್ಕಿ ಕೊಳ್ಳುವ ಈ ವ್ಯವಹಾರಕ್ಕೆ ಯಾವ ಕಾಡಿನಲ್ಲೂ ಆಧಾರವಿಲ್ಲ. ಲೆಕ್ಕ ಸರಿದೂಗಿಸಲು ಕಥೆಯನ್ನು ಬಗ್ಗಿಸಿದ ಜಾಗವದು.

ಇನ್ನು ‘ಸ್ಪ್ಲೆಂಡರ್’ ನೋಡಿ. ಮಾರ್ಕ್ ಆಂದ್ರೆ ರೂಪಿಸಿದ ಈ ಆಟ 2014ರಲ್ಲಿ ಬಂತು. ಆಡುವವರು ರತ್ನದ ವ್ಯಾಪಾರಿಗಳು. ರತ್ನ ಕೂಡಿಸಿ ಕಾರ್ಡು ಕೊಳ್ಳಬೇಕು, ಕೊಂಡ ಕಾರ್ಡು ಮುಂದಿನ ಖರೀದಿಯಲ್ಲಿ ರಿಯಾಯಿತಿ ಕೊಡುತ್ತದೆ. ಯಂತ್ರವಾಗಿ ಇದು ಅಚ್ಚುಕಟ್ಟು. ಮೊದಲ ಬಾರಿ ಟ್ಯಾಬ್ಲೋ ಆಟ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಮಾಣಿಕ್ಯದ ಜಾಗದಲ್ಲಿ ಕುಂದಗೋಳದ ಮೆಣಸಿನಕಾಯಿ ಇಟ್ಟರೂ ಒಂದು ನಿಯಮವೂ ಅಲುಗುವುದಿಲ್ಲ. ಪ್ರಕಾಶಕರೇ ಇದನ್ನು ತೋರಿಸಿಕೊಟ್ಟರು: 2020ರಲ್ಲಿ ಹೆಚ್ಚುಕಡಿಮೆ ಅದೇ ಆಟ ಮಾರ್ವೆಲ್ ಕಾಮಿಕ್ಸಿನ ವೀರರ ವೇಷ ತೊಟ್ಟು ಮತ್ತೊಮ್ಮೆ ಬಂತು.

ಆಟದ ಕಥೆ ಚಿತ್ರದಲ್ಲಲ್ಲ, ನಿಯಮದಲ್ಲಿರಬೇಕು ಎಂಬ ಮಾತು ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಹೊಸದೇನೂ ಅಲ್ಲ. ನವಲಗುಂದದ ಹೆಣ್ಣುಮಕ್ಕಳು ನಿಂತ ಮಗ್ಗದ ಮೇಲೆ ಹತ್ತಿ ನೂಲಿನಲ್ಲಿ ನೇಯುವ ಜಮಖಾನ ಭೌಗೋಳಿಕ ಗುರುತು ಪಡೆದ ಕಸುಬು. ಅದರ ಹಳೆಯ ವಿನ್ಯಾಸಗಳಲ್ಲಿ ನವಿಲಿನ ಜೊತೆಗೆ ಪಗಡಿ ಹಾಸೂ ಇದೆ. ನಾಲ್ಕು ತೋಳು, ಒಂದೊಂದು ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 96. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಗುಡಿಯ ಕಟ್ಟೆ, ಚಾವಡಿಗಳಲ್ಲಿ ಪಗಡಿ ಶುರುವಾದರೆ ಗರ ಬಿದ್ದಾಗಿನ ಕೂಗು ಓಣಿಗೆಲ್ಲ ಕೇಳುತ್ತದೆ. ಅಲ್ಲಿ ಚಿತ್ರವೆಂಬುದೇ ಇಲ್ಲ. ನಾಲ್ಕು ಬಣ್ಣದ ಕಾಯಿ, ಎರಡು ದಾಳ. ಆದರೂ ಒಂಟಿ ಕಾಯಿಯನ್ನು ಕಡಿಯುತ್ತಾರೆ, ಸುತ್ತು ಮುಗಿಸಿದ ಕಾಯಿ ಹಣ್ಣಾಗುತ್ತದೆ, ಹಣ್ಣಾದದ್ದನ್ನು ಯಾರೂ ಮುಟ್ಟುವಂತಿಲ್ಲ. ಊರು ಬಿಟ್ಟು ಹೊರಟವನು ಮನೆ ಸೇರುವ ತನಕದ ಆತಂಕ ಆ ನಿಯಮದಲ್ಲಿಯೇ ಇದೆ.

ಹುಲಿ-ಕುರಿ ಆಟ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಇದ್ದಿಲಿನಲ್ಲಿ ಗೆರೆ ಎಳೆದರೆ ಹಾಸು ಸಿದ್ಧ. ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಕೊರೆದ ಇಂಥ ಹಾಸುಗಳು ಇಂದಿಗೂ ಕಾಣುತ್ತವೆ. ಹೆಚ್ಚಿನ ಕಡೆ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಲ್ಲದು. ಕುರಿಗೆ ಹಾರಲು ಬಾರದು, ತಿನ್ನಲು ಬಾರದು. ಬೆನ್ನಿಗೆ ಬೆನ್ನು ಕೊಟ್ಟು ಹುಲಿಯನ್ನು ಕಟ್ಟಿಹಾಕುವುದೊಂದೇ ಅದರ ಬಲ. ಒಂಟಿಯಾದ ಕುರಿ ಸತ್ತಂತೆಯೇ. ಹುಣಸೆ ಬೀಜ ಕುರಿಯಾಗಲಿ, ಬೆಣಚುಕಲ್ಲು ಹುಲಿಯಾಗಲಿ, ಎರಡು ಸರದಿ ಆಡಿದವರಿಗೆ ಯಾರು ಯಾರೆಂದು ಹೇಳಿಕೊಡಬೇಕಿಲ್ಲ. ಕಥೆ ಮತ್ತು ನಿಯಮ ಬೇರೆಬೇರೆಯಾಗದಂತೆ ಬೆಸೆದ ಆಟಗಳ ಸಾಲಿನಲ್ಲಿ ಇದಕ್ಕೆ ಮೊದಲ ಪಂಕ್ತಿಯ ಸ್ಥಾನ ಸಲ್ಲಬೇಕು.

ಕಾರ್ಡಿನ ಆಟದಲ್ಲಿಯೇ ಉದಾಹರಣೆ ಬೇಕೆಂದರೆ ಗಂಜೀಫಾ ಇದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಬೆಳಗಾವಿಯ ಆಚೆಗಿನ ಸಾವಂತವಾಡಿಯಲ್ಲಿ ಇದರ ಎಲೆಗಳನ್ನು ಕೈಯಿಂದಲೇ ಬಣ್ಣ ಹಾಕಿ ಮಾಡುತ್ತಾರೆ. ಹಗಲು ಆಡಿದರೆ ರಾಮನ ಎಲೆ ಹಿಡಿದವರು ಆಟ ತೆಗೆಯಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವರು. ರಾಮ ಸೂರ್ಯವಂಶದವನು, ಕೃಷ್ಣ ಚಂದ್ರವಂಶದವನು, ಹುಟ್ಟಿದ್ದೂ ನಡುರಾತ್ರಿಯಲ್ಲಿ. ಪುರಾಣ ಗೊತ್ತಿದ್ದವರಿಗೆ ನಿಯಮ ಮರೆಯುವ ಮಾತೇ ಇಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಎಲೆಯಾಟಗಳನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ದೇವತಾಮೂರ್ತಿಗಳ ಲಕ್ಷಣಗಳೊಡನೆ ಅವಕ್ಕೂ ಜಾಗ ಸಿಕ್ಕಿತು.

ಹೊಸ ಟ್ಯಾಬ್ಲೋ ಆಟಗಳಲ್ಲಿ ‘ಟೆರಾಫಾರ್ಮಿಂಗ್ ಮಾರ್ಸ್’ (2016) ಈ ಬೆಸುಗೆಯನ್ನು ವಿಜ್ಞಾನದ ಕಡೆಯಿಂದ ಹಾಕಿದೆ. ಸ್ವೀಡನ್ನಿನ ಜೇಕಬ್ ಫ್ರಿಕ್ಸೇಲಿಯಸ್ ರೂಪಿಸಿದ ಆಟ ಇದು. ಮಂಗಳ ಗ್ರಹದ ಉಷ್ಣಾಂಶ ಮೈನಸ್ 30 ಡಿಗ್ರಿಯಿಂದ 8 ಡಿಗ್ರಿಗೆ ಏರಬೇಕು, ಆಮ್ಲಜನಕ ಶೇ 14 ಆಗಬೇಕು. ಒಂಬತ್ತು ಕಡಲು ತುಂಬಬೇಕು. ಚಳಿ ಕಡಿಮೆಯಾಗುವ ತನಕ ಮರದ ಕಾರ್ಡು ಕೈಯಲ್ಲೇ ಕೊಳೆಯುತ್ತದೆ. ಗಾಳಿ ಸಾಕಷ್ಟಾಗುವ ತನಕ ದನ ಸಾಕುವಂತಿಲ್ಲ. ಖರ್ಚಾಗದೆ ಉಳಿದ ವಿದ್ಯುತ್ತು ಸುತ್ತಿನ ಕೊನೆಗೆ ಶಾಖವಾಗಿ ಬದಲಾಗುತ್ತದೆ. ಭೌತಶಾಸ್ತ್ರ ಪಾಠ ಮಾಡುವವರಿಗೆ ಆ ಒಂದು ನಿಯಮವೇ ಮೆಚ್ಚುಗೆಯಾದೀತು.

ಆದರೆ ನವಲಗುಂದ, ಅಣ್ಣಿಗೇರಿಯ ಓದುಗರಿಗೆ ಹತ್ತಿರವಾಗಬೇಕಾದ ಆಟ ಊವೆ ರೋಸೆನ್‌ಬರ್ಗ್ ಅವರ ‘ಅಗ್ರಿಕೋಲಾ’ (2007). ಹದಿನೇಳನೆಯ ಶತಮಾನದ ಮಧ್ಯ ಯುರೋಪಿನ ಒಕ್ಕಲು ಕುಟುಂಬದ ಕಥೆ. ಹದಿನಾಲ್ಕು ಸುತ್ತು, ಆರು ಸುಗ್ಗಿ. ಪ್ರತಿ ಸುಗ್ಗಿಯಲ್ಲೂ ಮನೆಯ ದೊಡ್ಡವರೊಬ್ಬರಿಗೆ ಎರಡರಂತೆ ಊಟ ಒದಗಿಸಲೇಬೇಕು. ಕೊರತೆ ಬಿದ್ದರೆ ಭಿಕ್ಷೆಯ ಕಾರ್ಡು ತೆಗೆದುಕೊಳ್ಳಬೇಕು. ಒಂದೊಂದಕ್ಕೂ ಕೊನೆಯಲ್ಲಿ ಮೂರು ಅಂಕ ಖೋತಾ. ಮಕ್ಕಳಾದರೆ ದುಡಿಯುವ ಕೈ ಹೆಚ್ಚುತ್ತವೆ, ಉಣ್ಣುವ ಬಾಯಿಯೂ ಹೆಚ್ಚುತ್ತವೆ. ಮುಂದೆ ಹರಡಿಕೊಳ್ಳುವ ಕಾರ್ಡುಗಳೆಲ್ಲ ಕಸುಬುಗಳು, ಸಲಕರಣೆಗಳು. ಹೊಟ್ಟೆಯ ಚಿಂತೆ ಇಷ್ಟು ಸಾಚಾ ಆಗಿ ಬಂದಿರುವ ಆಟಗಳು ಕಡಿಮೆ. ಒಂದು ಕಾಳು ಬಿತ್ತಿದರೆ ಹೊಲದ ಮೇಲೆ ಮೂರು ಕಾಳು ನಿಲ್ಲುತ್ತವೆ, ಸುಗ್ಗಿಗೊಂದರಂತೆ ಕೈಗೆ ಬರುತ್ತವೆ. ಬಿತ್ತಿದ್ದು ಬಂದೇ ಬರುತ್ತದೆ.

ಎರಿ ಹೊಲದ ಒಕ್ಕಲಿಗ ಇಲ್ಲಿ ಆಟ ನಿಲ್ಲಿಸಿ ಕೇಳುತ್ತಾನೆ: ಮಳಿ ಎಲ್ಲಿ? ಅಗ್ರಿಕೋಲಾದಲ್ಲಿ ಮಳೆ ಎಂದೂ ಕೈಕೊಡುವುದಿಲ್ಲ, ಏಕೆಂದರೆ ಮಳೆಯೇ ಇಲ್ಲ. ಧಾರವಾಡದ ಬಯಲು ಸೀಮೆಯ ಬೇಸಾಯವನ್ನು ಟ್ಯಾಬ್ಲೋ ಆಟವಾಗಿಸಬೇಕೆಂದರೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಅದಕ್ಕೆ ಬೇಕಾದ ನಿಯಮಗಳನ್ನು ಹುಟ್ಟಿಸುವ ಕಷ್ಟವೂ ಇಲ್ಲ, ಅವು ಹೊಲದಲ್ಲಿಯೇ ಇವೆ.

ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮಸಾರಿ ಮಣ್ಣು ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ಎರಿ ಹೊಲದ ಕಾರ್ಡಿನ ಮೇಲೆ ಇಟ್ಟ ತೇವದ ಬಿಲ್ಲೆ ಮುಂದಿನ ಸುತ್ತಿಗೂ ಉಳಿಯಬೇಕು, ಕಲಘಟಗಿ ಕಡೆಯ ಮಸಾರಿಯಲ್ಲಿ ಸುತ್ತಿಗೊಮ್ಮೆ ಇಳಿಯಬೇಕು. ಎರಿ ಹೊಲಕ್ಕೆ ಇನ್ನೊಂದು ಕಟ್ಟುಪಾಡೂ ಇದೆ: ತೇವ ಹೆಚ್ಚಾದರೆ ಕಾಲಿಡಲು ಬಾರದು, ಕೂರಿಗೆ ಹೂಡಲು ಬಾರದು. ಬಿಲ್ಲೆ ಕಡಿಮೆಯಿದ್ದರೂ ಬಿತ್ತಿಗೆಯಿಲ್ಲ, ಹೆಚ್ಚಿದ್ದರೂ ಇಲ್ಲ. ರೈತರು ಹದ ಎನ್ನುವುದು ಇದಕ್ಕೇ.

ಇದರ ಮೇಲೆ ಬೆಳೆಯ ಕಾರ್ಡುಗಳು. ಮುಂಗಾರಿಗೆ ಹೆಸರು, ಎರಡು ತಿಂಗಳು ದಾಟುತ್ತಿದ್ದಂತೆ ಕೊಯ್ಲಿಗೆ ಬಂದು ಹೊಲ ತೆರವು ಮಾಡುತ್ತದೆ. ಅದೇ ಹೊಲಕ್ಕೆ ಹಿಂಗಾರಿಗೆ ಕಡಲಿ ಅಥವಾ ಬಿಳಿಜೋಳ. ಇವು ಮೇಲಿನ ಮಳೆಗಿಂತ ಮಣ್ಣಿನೊಳಗೆ ಉಳಿದ ತೇವವನ್ನೇ ನಂಬಿ ಬೆಳೆಯುವಂಥವು. ಹೆಸರಿನ ಕಾಯಿ ಒಣಗಿ ನಿಂತಾಗ ಮಳೆ ಹೊಡೆದರೆ ಕಾಳು ಹಾಳು, ಆದರೆ ಹಿಂದೆಯೇ ಬರುವ ಕಡಲಿಗೆ ಅದೇ ಬಂಡವಾಳ. ಒಂದೇ ಮಳೆ ಕಾರ್ಡು ಒಬ್ಬರ ಕೈ ಸುಟ್ಟು ಪಕ್ಕದವರ ಹೊಲ ತುಂಬುತ್ತದೆ. ವಿಂಗ್‌ಸ್ಪ್ಯಾನ್‌ನ ರಣಹದ್ದಿಗಿಂತ ಇದು ಕಡಿಮೆ ರೋಚಕವೇನಲ್ಲ.

ಕಡಲಿಯ ಕಾರ್ಡೊಂದನ್ನೇ ಹತ್ತಿರದಿಂದ ನೋಡಬಹುದು. ಬಿತ್ತಿದ ತಿಂಗಳೊಪ್ಪತ್ತಿಗೆ ಹೆಣ್ಣುಮಕ್ಕಳು ಹೊಲಕ್ಕಿಳಿದು ಗಿಡದ ಕುಡಿ ಚಿವುಟುತ್ತಾರೆ. ಚಿವುಟಿದ ಸೊಪ್ಪು ಆ ದಿನದ ಪಲ್ಯಕ್ಕಾಗುತ್ತದೆ, ಚಿವುಟಿಸಿಕೊಂಡ ಗಿಡ ಪಕ್ಕಕ್ಕೆ ಟಿಸಿಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ನಿಯಮವಾಗಿ ಬರೆದರೆ: ಒಂದು ಸರದಿ ಖರ್ಚು ಮಾಡಿ ಕಡಲಿಯ ಮೇಲಿನ ಒಂದು ಬಿಲ್ಲೆ ತೆಗೆದು ಊಟಕ್ಕೆ ಬಳಸಿ, ಸುಗ್ಗಿಗೆ ಎರಡು ಬಿಲ್ಲೆ ಹೆಚ್ಚು ಪಡೆಯಿರಿ. ತಡ ಮಾಡಿದರೆ ಆ ಅವಕಾಶ ಮುಗಿಯಿತು. ತಳಿಯೂ ಕಾರ್ಡಾಗಬಹುದು. ಅಣ್ಣಿಗೇರಿಯ ಹೆಸರನ್ನೇ ಹೊತ್ತ ಅಣ್ಣಿಗೇರಿ-1 ದಶಕಗಳ ಕಾಲ ಈ ಸೀಮೆಯ ಮುಖ್ಯ ಕಡಲಿ ತಳಿ. ಸಿಡಿ ರೋಗಕ್ಕೆ ಅದು ಬಗ್ಗುತ್ತಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಕೂಡಿ ಅದಕ್ಕೆ ರೋಗ ತಡೆಯುವ ಗುಣ ಸೇರಿಸಿ ಸೂಪರ್ ಅಣ್ಣಿಗೇರಿ-1 ತಂದವು. ಹಳೆಯ ಕಾರ್ಡಿನ ಮೇಲೆ ಹೊಸದನ್ನು ಹೊದಿಸುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ಕಾರ್ಡು ಎಲ್ಲಿ ಇಡಬೇಕು ಎಂಬುದಕ್ಕೂ ಅರ್ಥ ಬರುತ್ತದೆ. ಕುಸುಬಿಯನ್ನು ರೈತರು ಹೊಲದ ಅಂಚಿಗೆ ಬಿತ್ತುವುದುಂಟು. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಟ್ಯಾಬ್ಲೋದ ಅಂಚಿನಲ್ಲಿ ಕುಸುಬಿ ಇದ್ದರೆ ಒಳಗಿನ ಕಾರ್ಡುಗಳಿಗೆ ದನದ ಕಾಟವಿಲ್ಲ, ನಡುವೆ ಇಟ್ಟರೆ ಬರಿಯ ಎಣ್ಣೆಕಾಳು. ಮಕ್ಕಳಿಗೆ ಇದನ್ನು ಒಮ್ಮೆ ಹೇಳಿದರೆ ಸಾಕು. ಬೆಣ್ಣಿಹಳ್ಳ ಉಕ್ಕಿದಾಗ ದಂಡೆಯ ಹೊಲಗಳಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾರ್ಡು ಬೇಕು. ಅದರ ನಿಯಮ ಬರೆಯಬೇಕಾದವರು ಆ ದಂಡೆಯ ರೈತರೇ.

ಇಂಥ ಆಟ ಮಾಡುವವರಿಗೆ ಒಂದು ಎಚ್ಚರಿಕೆ ಬೇಕು. ಪೆಟ್ಟಿಗೆಯ ಮೇಲೆ ಜೋಡೆತ್ತು, ಚಕ್ಕಡಿ, ಚರಗ ಚೆಲ್ಲುವ ಕುಟುಂಬದ ಚಿತ್ರ ಬರೆದು ಒಳಗೆ ರತ್ನದ ವ್ಯಾಪಾರವನ್ನೇ ತುಂಬುವ ಆಸೆ ಸುಲಭಕ್ಕೆ ಬಿಡುವುದಿಲ್ಲ. ಅಂಥ ಪೆಟ್ಟಿಗೆ ಹಬ್ಬಕ್ಕೆ ಮಾರಾಟವಾದೀತು, ಎರಡನೆಯ ಸಲ ಯಾರೂ ತೆರೆಯಲಾರರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಪ್ರತಿವರ್ಷ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ರೈತರು ಬರುತ್ತಾರೆ. ಆಟ ರೂಪಿಸುವ ಹುಮ್ಮಸ್ಸಿನ ಯುವಕರು ದಪ್ಪ ಕಾಗದದ ಮೇಲೆ ಕೈಯಿಂದಲೇ ಬರೆದ ಕಾರ್ಡು, ತೇವಕ್ಕೆ ಹುಣಸೆ ಬೀಜ ಇಟ್ಟುಕೊಂಡು ಅಲ್ಲೊಂದು ಮೂಲೆಯಲ್ಲಿ ಕೂರಲಿ. ನವಲಗುಂದ, ಕುಂದಗೋಳ, ಅಣ್ಣಿಗೇರಿಯವರನ್ನು ಕರೆದು ಆಡಿಸಲಿ. ಚಿತ್ರಕಾರರನ್ನು ಹುಡುಕುವುದು ಆಮೇಲಿನ ಕೆಲಸ; ಮೊದಲು ‘ಹಿಂಗ ಆಗೂದಿಲ್ಲ ತಮ್ಮಾ’ ಎಂದು ರೈತರು ತಿದ್ದಿದ ಪ್ರತಿ ನಿಯಮವನ್ನೂ ಬರೆದಿಟ್ಟುಕೊಳ್ಳಲಿ.