ಖರೋಷ್ಠೀ ಅಂಕೆಗಳೂ ಗಣಕಯಂತ್ರದ ಲಿಪಿಸಂಕೇತವೂ

ಬ್ರಹ್ಮಗಿರಿಯ ಅಶೋಕಶಾಸನವು ಬ್ರಾಹ್ಮೀ ಲಿಪಿಯದು. ಆದರೆ ಅದನ್ನು ಬರೆದ ಚಪಡನು ಕಡೆಯ ‘ಲಿಪಿಕರೇಣ’ ಎಂಬ ಒಂದು ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿರುವನೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದೇ ಶಾಸನದ ೨೫೬ ಎಂಬ ಸಂಖ್ಯೆಯು ಬ್ರಾಹ್ಮಿಯಲ್ಲಿ ಇನ್ನೂರು, ಐವತ್ತು, ಆರು ಎಂದು ಮೂರೇ ಚಿಹ್ನೆಗಳಲ್ಲಿ ಮುಗಿಯುತ್ತದೆ. ಮುಂದಿನ ಶತಮಾನಗಳ ಗಂಧಾರದ ಬೌದ್ಧ ಲಿಪಿಕಾರನಾದರೋ ಇದನ್ನು ಎರಡು, ನೂರು, ಇಪ್ಪತ್ತು, ಇಪ್ಪತ್ತು, ಹತ್ತು, ನಾಲ್ಕು, ಎರಡು ಎಂದು ಏಳು ಚಿಹ್ನೆಗಳಿಂದ ಕಟ್ಟಬೇಕು. ನೂರರ ಹಿಂದಿನದು ಗುಣಕ, ಮಿಕ್ಕುದೆಲ್ಲವೂ ಸಂಕಲನ. ಬೆಲೆಯೊಂದೇ ಆದರೂ ಎಣಿಕೆಯ ಬುದ್ಧಿ ಬೇರೆ.

ಲೋಕದ ಲಿಪಿಗಳಿಗೆಲ್ಲ ಸಂಕೇತವನ್ನು ಗೊತ್ತುಮಾಡುವ ಯುನಿಕೋಡ್ ೨೦೦೫ರಲ್ಲಿ ಖರೋಷ್ಠಿಯನ್ನು ಸೇರಿಸಿಕೊಂಡಾಗ ಈ ಭೇದವನ್ನು ಅಳಿಸಲಿಲ್ಲವೆಂಬುದು ಶ್ಲಾಘ್ಯ. ಒಂದು, ಎರಡು, ಮೂರು, ನಾಲ್ಕು, ಹತ್ತು, ಇಪ್ಪತ್ತು, ನೂರು, ಸಾವಿರ ಎಂಬ ಎಂಟಕ್ಕೇ ಸ್ಥಾನ ದೊರೆತಿದೆ. ಲಿಪಿಯಲ್ಲಿಲ್ಲದ ಸೊನ್ನೆಯನ್ನು ಗಣಕಯಂತ್ರದ ಅನುಕೂಲಕ್ಕಾಗಿ ಕಲ್ಪಿಸಿಲ್ಲ. ಅರಬ್ಬೀ ಬರವಣಿಗೆಯಲ್ಲಿ ಅಕ್ಷರಗಳು ಎಡಕ್ಕೆ ನಡೆದರೂ ಅಂಕೆಗಳು ಬಲಕ್ಕೆ ತಿರುಗುತ್ತವೆ. ಇಲ್ಲಿ ಅಂಕೆಗಳಿಗೂ ಅಕ್ಷರಗಳ ದಾರಿಯನ್ನೇ ವಿಧಿಸಿರುವುದು ಯುಕ್ತವಾಗಿದೆ. ಅರೆಯ ಚಿಹ್ನೆಯು ೨೦೧೮ರಲ್ಲಿ ಬಂದು ಸೇರಿತು.

ಆಕ್ಷೇಪಣೆಗೆ ಎಡೆಯಿರುವುದು ನಾಲ್ಕರಲ್ಲಿ. ಶಕ-ಕುಷಾಣರ ಕಾಲದ ನಾಲ್ಕು ಕತ್ತರಿಯಾಕಾರದ್ದು; ಸಂಕೇತಪಟ್ಟಿಯು ಅಂಗೀಕರಿಸಿರುವುದು ಇದನ್ನೇ. ಆದರೆ ಶಾಹಬಾಜ್‌ಗಢಿಯ ೧೩ನೆಯ ಶಾಸನದಲ್ಲಿ, ಅಂತಿಯೋಕನಿಂದಾಚೆಯ ನಾಲ್ವರು ಅರಸರನ್ನು ಹೇಳುವೆಡೆ, ಬಂಡೆಯ ಮೇಲಿರುವುದು ನಾಲ್ಕು ಗೆರೆಗಳು. ಇವನ್ನು ಕತ್ತರಿಯ ಸಂಕೇತದಿಂದಲೇ ಬರೆದು ಅಚ್ಚಿನ ಮೊಳೆಯಲ್ಲಿ ಮಾತ್ರ ಗೆರೆಗಳನ್ನು ತೋರಿಸಿದರೆ, ಮೊಳೆ ಬದಲಾದೊಡನೆ ಅಶೋಕನ ಕಾಲಕ್ಕೆ ಕುಷಾಣರ ಅಂಕೆ ಬಂದು ಕುಳಿತುಕೊಳ್ಳುವುದು. ಒಂದರ ಚಿಹ್ನೆಯನ್ನು ನಾಲ್ಕು ಸಲ ಬರೆಯೋಣವೆಂದರೆ, ಎರಡಕ್ಕೂ ಮೂರಕ್ಕೂ ಪ್ರತ್ಯೇಕ ಸಂಕೇತಗಳುಂಟು. ಒಬ್ಬ ಸಂಪಾದಕನು ಎರಡರ ಮುಂದೆ ಎರಡನ್ನೂ, ಮತ್ತೊಬ್ಬನು ಮೂರರ ಮುಂದೆ ಒಂದನ್ನೂ ಇಡಬಹುದು. ಕಣ್ಣಿಗೆ ಇವೆಲ್ಲವೂ ಹೆಚ್ಚುಕಡಮೆ ಒಂದೇ. ಯಂತ್ರಕ್ಕೆ ಮಾತ್ರ ಭಿನ್ನ ಪಾಠಗಳು. ಹುಡುಕಿದಾಗ ಒಂದು ಸಿಕ್ಕಿ ಉಳಿದವು ತಪ್ಪಿಹೋಗುವುವು.

ಅಂಕೆಯ ರೂಪದಿಂದಲೇ ಲೇಖದ ಕಾಲವನ್ನು ಊಹಿಸಬೇಕಾದ ಶಾಖೆಯಲ್ಲಿ ಇದು ಸಣ್ಣ ಮಾತಲ್ಲ. ಎರಡು ಮೂರುಗಳಿಗೆ ಸ್ಥಾನವಿತ್ತುದು ತಪ್ಪೆನ್ನುವಂತಿಲ್ಲ. ಓಟದ ಕೈಬರಹದಲ್ಲಿ ಆ ಗೆರೆಗಳು ಒಂದಕ್ಕೊಂದು ಕೂಡಿಕೊಂಡು ಬೇರೆ ಚಿಹ್ನೆಗಳೇ ಆಗಿವೆ. ಬಂಡೆಯ ಮೇಲೆ ಬಿಡಿಯಾಗಿ ನಿಂತ ಗೆರೆಗಳಿಗೆ ಒಂದರ ಸಂಕೇತವನ್ನೇ ಬಳಸಬೇಕೆಂಬ ನಿಯಮವನ್ನು ಸಂಪಾದಕರು ತಾವೇ ಮಾಡಿಕೊಂಡು, ಅದನ್ನು ಪೀಠಿಕೆಯಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ.