ಯಾರ ದುಡ್ಡು, ಯಾರ ದನಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆ ಊರಿನಿಂದ ಉತ್ತರಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ಹೋದರೆ ಗುಡ್ಡದ ಮೇಲೊಂದು ರಂಗಮಂದಿರ ಸಿಗುತ್ತದೆ. ಮೇಲೆ ಚಾವಣಿ ಉಂಟು, ಪಕ್ಕಕ್ಕೆ ಗೋಡೆಗಳಿಲ್ಲ. 2018ರ ಬೇಸಿಗೆಯಲ್ಲಿ ಅಲ್ಲಿ ಜಾನ್ ಆಡಮ್ಸ್ ಸಂಗೀತದ ‘ಡಾಕ್ಟರ್ ಅಟಾಮಿಕ್’ ಆಪೆರಾ ನಡೆಯಿತು. ಮೊದಲ ಅಣುಬಾಂಬಿನ ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಅದನ್ನು ರೂಪಿಸಿದ ವಿಜ್ಞಾನಿಗಳ ಮುಖಂಡ ಓಪನ್‌ಹೈಮರ್ ಪಟ್ಟ ಪಾಡಿನ ಕಥೆ ಅದು. ಆ ಬಾಂಬು ತಯಾರಾದ ಲಾಸ್ ಅಲಮೋಸ್ ಊರು ಅದೇ ರಂಗದ ಹಿಂದೆ, ಕಣಿವೆಯ ಆಚೆಯ ಬೆಟ್ಟಗಳಲ್ಲಿದೆ. ಕತ್ತಲಾದರೆ ಅಲ್ಲಿನ ದೀಪಗಳು ಕಾಣುತ್ತವೆ. ಎರಡನೆಯ ಅಂಕದಲ್ಲಿ ಇಡೀ ಕೋರಸ್ ನಿಂತು ಗೀತೆಯ ಹನ್ನೊಂದನೆಯ ಅಧ್ಯಾಯವನ್ನು, ಅಂದರೆ ವಿಶ್ವರೂಪವನ್ನು ಕಂಡು ಅರ್ಜುನ ನಡುಗುವ ಮಾತುಗಳನ್ನು, ಇಂಗ್ಲಿಷಿನಲ್ಲಿ ಅಬ್ಬರಿಸಿ ಹಾಡುತ್ತದೆ. ಹಾಗೆ ಹಾಡಿದವರು ಕೋರಸ್ಸನ್ನೇ ವೃತ್ತಿ ಮಾಡಿಕೊಂಡವರಲ್ಲ. ಇಪ್ಪತ್ತರಿಂದ ಮೂವತ್ತರ ಆಸುಪಾಸಿನ, ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರು. ಸಾಂಟಾ ಫೆ ಆಪೆರಾದ ಅಪ್ರೆಂಟಿಸ್‌ಗಳು.

ಬೇಸಿಗೆಯ ಆಪೆರಾ ತರಬೇತಿಗಳನ್ನು ಅಳೆಯುವಾಗ ನಾನು ಮೊದಲು ನೋಡುವುದು ಇದನ್ನೇ. ಕಲಿಯಲು ಬಂದವರು ಇಲ್ಲದಿದ್ದರೆ ಆ ರಾತ್ರಿಯ ಆಟ ನಡೆಯುತ್ತದೆಯೋ ಇಲ್ಲವೋ? ಸಾಂಟಾ ಫೆಯಲ್ಲಿ ನಡೆಯುವುದಿಲ್ಲ. ಯಾರು ಪಾಠ ಹೇಳುತ್ತಾರೆ, ಯಾವ ದೊಡ್ಡ ಗಾಯಕಿ ಬಂದು ಮಾಸ್ಟರ್‌ಕ್ಲಾಸ್ ಕೊಡುತ್ತಾಳೆ, ಊರು ಎಷ್ಟು ಚೆನ್ನಾಗಿದೆ ಎಂಬುದೆಲ್ಲ ಆಮೇಲಿನ ಮಾತು.

ಈ ವ್ಯವಸ್ಥೆ 1957ರದು. ನ್ಯೂಯಾರ್ಕಿನಿಂದ ಬಂದ ಜಾನ್ ಕ್ರಾಸ್ಬಿ ಎಂಬ ಯುವ ಕಂಡಕ್ಟರ್ ತಂದೆ ತಾಯಿಯ ದುಡ್ಡು ಹಾಕಿ, ಒಂದು ಹಳೆಯ ರ‍್ಯಾಂಚಿನ ಜಾಗದಲ್ಲಿ ಬಯಲು ರಂಗ ಕಟ್ಟಿಸಿ ಆಪೆರಾ ಶುರುಮಾಡಿದರು. ಮೊದಲ ವರ್ಷವೇ ಅಪ್ರೆಂಟಿಸ್ ಗಾಯಕರನ್ನೂ ತಂದರು. ಆಗ ಅಮೆರಿಕದ ಗಾಯಕರಿಗೆ ರಂಗದ ಮೇಲೆ ನಿಂತು ಪಳಗಬೇಕೆಂದರೆ ಯುರೋಪಿಗೆ ಹಡಗು ಹತ್ತುವುದೇ ದಾರಿ. ಇತ್ತ ಕ್ರಾಸ್ಬಿಗೂ ಒಂದು ಗರಜು ಇತ್ತು. ಮರುಭೂಮಿಯಂಥ ಆ ನಾಡಿನಲ್ಲಿ ನಾಲ್ಕೂ ಶ್ರುತಿಯ ಕೋರಸ್ಸನ್ನು ಎಲ್ಲಿಂದ ಹೊಂದಿಸುವುದು? ಇಬ್ಬರ ಕೊರತೆಯೂ ಒಟ್ಟಿಗೆ ನೀಗಿತು. ಹತ್ತು ವರ್ಷಕ್ಕೆ, 1967ರ ಜುಲೈನಲ್ಲಿ, ಆ ರಂಗಮಂದಿರ ಬೆಂಕಿಗೆ ಆಹುತಿಯಾಯಿತು. ಉಳಿದ ಆಟಗಳನ್ನು ಊರಿನ ವ್ಯಾಯಾಮಶಾಲೆಯಲ್ಲಿ ಮುಗಿಸಿ, ಮರುವರ್ಷವೇ ಹೊಸದು ಕಟ್ಟಿದರು. ಈಗಿರುವುದು 1998ರದು. ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ಈಗ ವರ್ಷಕ್ಕೆ ಸುಮಾರು ನಲವತ್ತು ಗಾಯಕರನ್ನು ಆರಿಸುತ್ತಾರೆ. ಜುಲೈ, ಆಗಸ್ಟ್ ಪೂರ್ತಿ ಐದು ಆಪೆರಾಗಳು ಸರದಿಯ ಮೇಲೆ ನಡೆಯುತ್ತವೆ. ಇವತ್ತು ಪುಚ್ಚೀನಿ, ನಾಳೆ ಸ್ಟ್ರಾಸ್, ನಾಡಿದ್ದು ಯಾರೂ ಕೇಳದ ಹೊಸದೊಂದು. ಅಪ್ರೆಂಟಿಸ್‌ಗಳು ಇವುಗಳಲ್ಲಿ ಕೋರಸ್ ಹಾಡಬೇಕು, ಸೇವಕಿಯೋ ಕಾವಲುಗಾರನೋ ಆಗಿ ನಾಲ್ಕು ಸಾಲು ಹಾಡಬೇಕು. ಜೊತೆಗೆ ದೊಡ್ಡ ಪಾತ್ರವೊಂದಕ್ಕೆ ಕವರ್ ಆಗಿಯೂ ಇರಬೇಕು. ಮುಖ್ಯ ಗಾಯಕನ ಗಂಟಲು ಕೈಕೊಟ್ಟರೆ ಆ ಸಂಜೆಯೇ ಇಡೀ ಪಾತ್ರವನ್ನು ಹೊತ್ತು ನಿಲ್ಲಬೇಕಾದವನು ಕವರ್. ಬಹುಪಾಲು ಜನರಿಗೆ ಆ ಸಂಜೆ ಬರುವುದೇ ಇಲ್ಲ. ಆದರೂ ಪಾತ್ರ ಬಾಯಿಗೆ ಬಂದಿರಲೇಬೇಕು. ಇಷ್ಟಕ್ಕೆಲ್ಲ ಅವರು ಫೀಸು ಕಟ್ಟುವುದಿಲ್ಲ, ಅವರಿಗೇ ವಾರದ ಸಂಬಳ ಸಿಗುತ್ತದೆ.

ಹತ್ತು ಹನ್ನೆರಡು ವಾರದಲ್ಲಿ ಯಾರೂ ಹಾಡಲು ಕಲಿಯುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಆಪೆರಾದ ದನಿ ಮಾಗುವುದು ತಡವಾಗಿ. ಪಿಟೀಲಿನಲ್ಲಿ ಹದಿನೈದರ ಹುಡುಗಿ ಸಭೆಯನ್ನು ಬೆರಗುಗೊಳಿಸಬಹುದು, ಆದರೆ ಆಪೆರಾದ ಮೇಲುಶ್ರುತಿಯ ಹೆಣ್ಣುದನಿ, ಅಂದರೆ ಸೊಪ್ರಾನೊ, ಒಂದು ಹದಕ್ಕೆ ಬರಲು ಇಪ್ಪತ್ತರ ದಶಕದ ಕೊನೆಯಾಗುತ್ತದೆ, ಕೆಳಶ್ರುತಿಯ ಬಾಸ್ ಗಂಡಸಿಗೆ ಮೂವತ್ತೂ ದಾಟುತ್ತದೆ. ಮೈಕ್ ಇಲ್ಲದೆ, ಅರವತ್ತು ಎಪ್ಪತ್ತು ವಾದ್ಯಗಳನ್ನು ದಾಟಿ ಕೊನೆಯ ಸಾಲಿಗೆ ಮುಟ್ಟಬೇಕು. ಅದು ಬರೀ ಜೋರಿನಿಂದ ಆಗುವ ಕೆಲಸವಲ್ಲ. ಪಳಗಿದ ದನಿಯಲ್ಲಿ ಮೂರು ಸಾವಿರ ಹರ್ಟ್ಜ್ ಆಸುಪಾಸಿನ ನಾದ ಎದ್ದು ನಿಲ್ಲುತ್ತದೆ, ವಾದ್ಯಗಳ ಶಕ್ತಿ ಆ ಜಾಗದಲ್ಲಿ ಕಡಿಮೆಯಾದ್ದರಿಂದ ದನಿ ಸೀಳಿಕೊಂಡು ಬರುತ್ತದೆ ಎಂದು ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ತೋರಿಸಿಕೊಟ್ಟಿದ್ದಾರೆ. ಅಂಥ ದನಿ ಕೂಡಿಬರಲು ವರ್ಷಗಟ್ಟಲೆ ಒಬ್ಬರೇ ಗುರುವಿನ ಮುಂದೆ ಕೂರಬೇಕು. ಬೇಸಿಗೆ ಶಿಬಿರಕ್ಕೆ ಅಷ್ಟು ಪುರುಸೊತ್ತಿಲ್ಲ.

ಹಾಗಾದರೆ ಅಲ್ಲಿ ಸಿಗುವುದೇನು? ಕಸುಬಿನ ಒಡನಾಟ. ಬೆಳಗಿನ ರಿಹರ್ಸಲ್ಲಿನಲ್ಲಿ ಮುಖ್ಯ ಗಾಯಕಿ ತಾರದ ಸ್ವರ ಬಂದಾಗ ದನಿ ತಗ್ಗಿಸಿ, ಒಂದು ಸ್ಥಾಯಿ ಕೆಳಗೇ ಗುನುಗಿ, ಕಾಲು ಮಾತ್ರ ಸರಿಯಾದ ಜಾಗಕ್ಕೆ ಇಡುತ್ತಾಳೆ. ಕಂಡಕ್ಟರ್ ಏನೂ ಅನ್ನುವುದಿಲ್ಲ. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತ ಅಪ್ರೆಂಟಿಸ್ ಮಾತ್ರ ಕಾಲೇಜಿನಲ್ಲಿ ಕಲಿತ ಹಾಗೆ ಪೂರ್ತಿ ದನಿ ಬಿಟ್ಟು ಹಾಡಿ, ರಾತ್ರಿಯ ಆಟಕ್ಕೆ ಗಂಟಲು ಕಟ್ಟಿಸಿಕೊಳ್ಳುತ್ತಾಳೆ. ದನಿಯನ್ನು ಯಾವಾಗ ಖರ್ಚು ಮಾಡಬೇಕು, ಯಾವಾಗ ಉಳಿಸಬೇಕು ಎಂಬ ಲೆಕ್ಕ ಪುಸ್ತಕದಲ್ಲಿಲ್ಲ, ಪಕ್ಕದಲ್ಲಿ ನಿಂತೇ ಕಲಿಯಬೇಕು. ಜಾಗವೂ ಪಾಠ ಕಲಿಸುತ್ತದೆ. ಸಾಂಟಾ ಫೆ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಗಾಳಿ ತೆಳು, ಒಣ. ಹೊಸಬರಿಗೆ ಉಸಿರು ಸಾಲದು, ಗಂಟಲು ಆರುತ್ತದೆ, ನೀರಿನ ಬಾಟಲಿ ಕೈಬಿಡುವಂತಿಲ್ಲ. ಆಗಸ್ಟಿನಲ್ಲಿ ಗುಡುಗು ಮಳೆ ಬೇರೆ. ಗೋಡೆಯಿಲ್ಲದ ಮಂದಿರದಲ್ಲಿ ಮಳೆಯ ಸದ್ದಿನೊಂದಿಗೇ ಹಾಡಬೇಕು.

ಇಂದಿನ ಹೆಸರಾಂತ ಆಪೆರಾ ಗಾಯಕಿ ಜಾಯ್ಸ್ ಡಿಡೊನಾಟೊ 1995ರಲ್ಲಿ ಇಲ್ಲಿ ಅಪ್ರೆಂಟಿಸ್ ಆಗಿದ್ದವರು. ಬಾಸ್ ಗಾಯಕ ಸ್ಯಾಮ್ಯುಯೆಲ್ ರೇಮಿಯೂ ಇಲ್ಲಿಂದಲೇ ಹೋದವರು. ಪ್ರತಿ ತರಬೇತಿಯೂ ಇಂಥ ಹೆಸರುಗಳನ್ನು ಮುಂದಿಟ್ಟುಕೊಂಡು ಬೀಗುತ್ತದೆ. ನನಗೆ ಈ ಸಾಕ್ಷಿಯ ಮೇಲೆ ಹೆಚ್ಚು ನಂಬಿಕೆಯಿಲ್ಲ. ಡಿಡೊನಾಟೊ ಎಲ್ಲಿದ್ದರೂ ಡಿಡೊನಾಟೊ ಆಗುತ್ತಿದ್ದರೇನೋ. ಅವರ ಸಾಲಿನಲ್ಲೇ ನಿಂತು ಹಾಡಿ, ಆಮೇಲೆ ಶಾಲೆಯ ಮೇಷ್ಟರೋ ಚರ್ಚಿನ ಗಾಯಕರೋ ಆದವರಿಗೆ ಆ ಬೇಸಿಗೆಯಿಂದ ಏನು ದಕ್ಕಿತು ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ಒಳಗೆ ಬರುವ ಬಾಗಿಲಂತೂ ತೀರ ಇಕ್ಕಟ್ಟು. ಆಡಿಷನ್ನಿನ ಕಾಲ ಬೇಸಿಗೆಯಲ್ಲ, ಅದರ ಹಿಂದಿನ ಚಳಿಗಾಲದ ಹೊಸ್ತಿಲು. ನ್ಯೂಯಾರ್ಕಿನ ಬಾಡಿಗೆ ಕೋಣೆಯೊಂದರಲ್ಲಿ ಮೇಜಿನ ಹಿಂದೆ ಮೂರು ನಾಲ್ಕು ಜನ ಕೂತಿರುತ್ತಾರೆ. ಗಾಯಕಿ ಐದು ಆರಿಯಾಗಳ, ಅಂದರೆ ಆಪೆರಾದ ಒಂಟಿ ಹಾಡುಗಳ, ಪಟ್ಟಿ ತಂದಿರುತ್ತಾಳೆ. ಇಟಾಲಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್ ಎಲ್ಲವೂ ಇರಬೇಕು, ಮೊಜಾರ್ಟ್ ಇದ್ದೇ ಇರಬೇಕು. ಮೊದಲನೆಯದು ಅವಳ ಆಯ್ಕೆ, ಎರಡನೆಯದು ಅವರು ಕೇಳಿದ್ದು. ಏಳೆಂಟು ನಿಮಿಷಕ್ಕೆ ‘ಥ್ಯಾಂಕ್ಯೂ’ ಬೀಳುತ್ತದೆ. ಕೆಲವೊಮ್ಮೆ ಎರಡನೆಯದನ್ನು ಕೇಳುವುದೂ ಇಲ್ಲ. ಈ ಏಳೆಂಟು ನಿಮಿಷಕ್ಕೆ ಅರ್ಜಿಯ ಶುಲ್ಕ, ವಿಮಾನದ ಟಿಕೆಟ್ಟು, ಪಿಯಾನೊದವರ ಸಂಭಾವನೆ, ಒಂದು ರಾತ್ರಿಯ ತಂಗು ಎಲ್ಲ ಆಗಿರುತ್ತದೆ. ಹಾಗೆ ಹತ್ತಾರು ಕಡೆ ಅರ್ಜಿ. ಕಲಿಕೆಗೆ ಫೀಸಿಲ್ಲ ಎಂದು ಹೇಳಿಕೊಳ್ಳುವ ಸಂಸ್ಥೆಗಳೂ ಈ ಖರ್ಚಿನ ಬಗ್ಗೆ ಬಾಯಿ ಬಿಡುವುದಿಲ್ಲ. ಅಪ್ಪ ಅಮ್ಮನ ಜೇಬು ಗಟ್ಟಿಯಿಲ್ಲದವರು ಇಲ್ಲೇ ಸೋಸಿಹೋಗುತ್ತಾರೆ, ದನಿ ಎಂಥದ್ದೇ ಇರಲಿ.

ಹೀಗೆ ಸೋಸಿಹೋದವರನ್ನು ಕಾಯುತ್ತ ಇನ್ನೊಂದು ಬಗೆಯ ಬೇಸಿಗೆ ಇದೆ. ಇಟಲಿಯದೋ ಆಸ್ಟ್ರಿಯಾದ್ದೋ ಚಂದದ ಊರು, ಮೂರು ನಾಲ್ಕು ವಾರ, ಸಾವಿರಾರು ಡಾಲರ್ ಫೀಸು. ಕೊನೆಗೆ ಒಂದು ಇಡೀ ಆಪೆರಾ. ವಾದ್ಯವೃಂದದ ಬದಲು ಎಷ್ಟೋ ಕಡೆ ಒಂದೇ ಪಿಯಾನೊ ಇರುತ್ತದೆ. ಒಂದೊಂದು ಪಾತ್ರಕ್ಕೆ ಇಬ್ಬರು, ಮೂವರು, ಏಕೆಂದರೆ ಫೀಸು ಕಟ್ಟಿದವರಿಗೆಲ್ಲ ಪಾತ್ರ ಸಿಗಬೇಕಲ್ಲ. ಕೇಳುವವರು ಉಳಿದ ವಿದ್ಯಾರ್ಥಿಗಳು, ಅವರ ಮನೆಯವರು. ಇಂಥ ಕಡೆ ಗಾಯಕಿ ಗಿರಾಕಿ. ಗಿರಾಕಿಗೆ ‘ನಿನ್ನ ದನಿ ಈ ಪಾತ್ರಕ್ಕೆ ಸಲ್ಲದು’ ಎಂದು ಯಾರು ಹೇಳುತ್ತಾರೆ? ಆ ಮಾತು ಹೇಳದ ತರಬೇತಿ ನನ್ನ ಮಟ್ಟಿಗೆ ಪ್ರವಾಸವೇ ಸರಿ.

ಎಲ್ಲವೂ ಹಾಗಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕನ್ ಗಾಯಕರನ್ನು ಆಸ್ಟ್ರಿಯಾದ ಗ್ರಾಟ್ಸ್ ಊರಿಗೆ ಕರೆದೊಯ್ಯುತ್ತಿರುವ ‘ಏಮ್ಸ್’ ಸಂಸ್ಥೆಯೂ ಫೀಸು ತೆಗೆದುಕೊಳ್ಳುವುದೇ. ಆದರೆ ಅದರ ಗುರಿ ಸ್ಪಷ್ಟ. ಜರ್ಮನ್ ಭಾಷೆ ಕಲಿಸಿ, ಜರ್ಮನ್ ನಾಡಿನ ಆಡಿಷನ್ನಿಗೆ ಹೇಗೆ ನಿಲ್ಲಬೇಕೆಂದು ತಿದ್ದುವುದು. ಕೊಟ್ಟ ಕಾಸಿಗೆ ಏನು ಸಿಗುತ್ತದೆಂದು ಮೊದಲೇ ಗೊತ್ತಿರುವ ವ್ಯವಹಾರದಲ್ಲಿ ತಪ್ಪೇನಿಲ್ಲ. ಇಪ್ಪತ್ತರ ವಿದ್ಯಾರ್ಥಿಗೆ ಮೊದಲ ಬಾರಿ ಒಂದು ಪಾತ್ರವನ್ನು ಆದಿಯಿಂದ ಅಂತ್ಯದವರೆಗೆ ಹಾಡಿದ ಅನುಭವ, ಪಿಯಾನೊ ಜೊತೆಗಾದರೂ, ವ್ಯರ್ಥವಲ್ಲ. ಇಪ್ಪತ್ತೆಂಟಕ್ಕೂ ಸಾಲ ಮಾಡಿ ಅದನ್ನೇ ಕೊಳ್ಳುತ್ತ ಹೋಗುವುದು ವ್ಯರ್ಥ.

ಈ ಕೊಳ್ಳುವವರಲ್ಲಿ ಹೆಚ್ಚಿನವರು ಸೊಪ್ರಾನೊಗಳು. ಕೋರಸ್ಸಿಗೆ ನಾಲ್ಕು ಶ್ರುತಿಗಳೂ ಹೆಚ್ಚುಕಡಿಮೆ ಸಮವಾಗಿ ಬೇಕು. ಅರ್ಜಿ ಹಾಕುವವರಲ್ಲಿ ಮಾತ್ರ ಸೊಪ್ರಾನೊಗಳ ಜಾತ್ರೆ, ಗಂಡಸರ ಮೇಲುಶ್ರುತಿಯ ಒಳ್ಳೆಯ ಟೆನರ್‌ಗೆ ಬರ. ಒಂದೇ ಮಟ್ಟದ ಟೆನರ್‌ಗೆ ಕೆಂಪು ಹಾಸು, ಸೊಪ್ರಾನೊಗೆ ಸರತಿ ಸಾಲು. ಫೀಸಿನ ಕಾರ್ಯಕ್ರಮಗಳಲ್ಲಿ ಪುಚ್ಚೀನಿಯ ‘ಸುಓರ್ ಆಂಜೆಲಿಕಾ’ ಮತ್ತೆ ಮತ್ತೆ ಬರುವುದರ ಗುಟ್ಟೂ ಇದೇ. ಕಾನ್ವೆಂಟಿನ ಕಥೆ, ಬರೀ ಹೆಂಗಸರು. ಎಷ್ಟು ಜನ ಸೇರಿದರೂ ಒಂದೊಂದು ಸನ್ಯಾಸಿನಿಯ ಉಡುಪು ತೊಡಿಸಿದರಾಯಿತು.

ಸಾಂಟಾ ಫೆಯನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳದಿದ್ದರೆ ಆಗದು. ನಲವತ್ತು ಜನರ ಅಗತ್ಯ ಸಂಸ್ಥೆಗಿದೆ ಎಂಬ ಬಲವೇ ಅದರ ದೌರ್ಬಲ್ಯ. ಕೋರಸ್ ಹಾಡುವಾಗ ದನಿ ಪಕ್ಕದವರೊಂದಿಗೆ ಬೆರೆಯಬೇಕು, ಕಂಪನ ಅಡಗಿಸಬೇಕು. ಒಂಟಿ ಪಾತ್ರಕ್ಕೆ ದನಿ ಎದ್ದು ಕಾಣಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ರಾತ್ರಿ ಆಟ ಎಂದು ಎಳೆಯ ಗಂಟಲು ಎರಡೂ ಕಡೆ ಜಗ್ಗಾಡುತ್ತದೆ. ಸ್ವಂತ ಕಲಿಕೆಗೆ ಉಳಿಯುವುದು ಆಗಸ್ಟಿನ ಭಾನುವಾರಗಳ ‘ಅಪ್ರೆಂಟಿಸ್ ಸೀನ್ಸ್’. ಬೇರೆ ಬೇರೆ ಆಪೆರಾಗಳ ತುಣುಕುಗಳನ್ನು ಇವರೇ ಮುಖ್ಯ ಪಾತ್ರ ವಹಿಸಿ ದೊಡ್ಡ ರಂಗದ ಮೇಲೆ ಆಡುತ್ತಾರೆ. ಬೆಳಕು, ಉಡುಪು, ಸಜ್ಜಿಕೆಯ ಕೆಲಸವೂ ತಾಂತ್ರಿಕ ಅಪ್ರೆಂಟಿಸ್‌ಗಳದೇ. ಊರಿನವರು ಪ್ರೀತಿಯಿಂದ ಬರುತ್ತಾರೆ. ಆದರೆ ತುಣುಕು ತುಣುಕೇ. ಒಂದು ಓವರ್ ಚೆನ್ನಾಗಿ ಎಸೆದವನಿಗೆ ಟೆಸ್ಟ್ ಪಂದ್ಯದ ಐದನೆಯ ದಿನದ ತೋಳುನೋವು ಗೊತ್ತಿರುವುದಿಲ್ಲ. ಮೂರು ಗಂಟೆಯ ಪಾತ್ರದಲ್ಲಿ ಮೊದಲ ಅಂಕಕ್ಕೆ ಎಷ್ಟು ಉಸಿರು, ಕೊನೆಯದಕ್ಕೆ ಎಷ್ಟು ಎಂಬ ಹಂಚಿಕೆ ಈ ತುಣುಕುಗಳಲ್ಲಿ ಸಿಗದು.

ಅದೇ 1957ರಲ್ಲಿ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೊದ ಮೆರೋಲಾ ಕಾರ್ಯಕ್ರಮ ಇದಕ್ಕೆ ತಿರುಗುಮುರುಗು. ಅಲ್ಲೂ ಫೀಸಿಲ್ಲ, ದಾನಿಗಳ ಹಣದಲ್ಲಿ ಎಲ್ಲ ನಡೆಯುತ್ತದೆ, ಗಾಯಕರಿಗೇ ಭತ್ಯೆ ಕೊಡುತ್ತಾರೆ. ಅದಕ್ಕೆ ಹೆಸರಾದ ಗಯೆಟಾನೊ ಮೆರೋಲಾ ಆ ಊರಿನ ಆಪೆರಾ ಕಟ್ಟಿದವರು. 1953ರಲ್ಲಿ ಬಯಲು ಕಚೇರಿಯೊಂದರಲ್ಲಿ ‘ಮದಾಮಾ ಬಟರ್‌ಫ್ಲೈ’ಯ ಆರಿಯಾ ನಡೆಸುತ್ತಿದ್ದಾಗಲೇ ಕುಸಿದು ತೀರಿಕೊಂಡರು. ಮೆರೋಲಾದಲ್ಲಿ ಒಬ್ಬೊಬ್ಬರ ದನಿಗೂ ಗಮನ, ತಿದ್ದಲು ಒಳ್ಳೆಯ ಕೋಚ್‌ಗಳು, ಕೊನೆಗೆ ದೊಡ್ಡ ಆಪೆರಾ ಮನೆಯಲ್ಲಿ ವಾದ್ಯವೃಂದದೊಂದಿಗೆ ಗ್ರ್ಯಾಂಡ್ ಫಿನಾಲೆ. ಹೆಸರಾಂತ ಸೊಪ್ರಾನೊ ಆನಾ ನೆಟ್ರೆಬ್ಕೊ ಕೂಡ ಇಲ್ಲಿ ಒಂದು ಬೇಸಿಗೆ ಕಳೆದವರು. ಕುಸುರಿಗೆ ಮೆರೋಲಾ, ಮೈಬಗ್ಗಿಸಿದ ಕೆಲಸಕ್ಕೆ ಸಾಂಟಾ ಫೆ. ಇಪ್ಪತ್ನಾಲ್ಕರ ವಯಸ್ಸಿಗೆ ನಾನಾದರೆ ಸಾಂಟಾ ಫೆ ಅನ್ನುತ್ತೇನೆ, ಇಪ್ಪತ್ತೆಂಟಕ್ಕೆ ಮೆರೋಲಾ.

ಮೂವತ್ತೆರಡಕ್ಕೆ? ಅಲ್ಲಿಗೆ ಮಾತು ಕಟ್ಟಿಹೋಗುತ್ತದೆ. ಜರ್ಮನಿಯಲ್ಲಿ ಸರ್ಕಾರದ ಮತ್ತು ನಗರಸಭೆಗಳ ಹಣದಿಂದ ನಡೆಯುವ ಸುಮಾರು ಎಂಬತ್ತು ಆಪೆರಾ ಮನೆಗಳಿವೆ, ಅವು ಗಾಯಕರನ್ನು ವರ್ಷಪೂರ್ತಿ ಸಂಬಳಕ್ಕೆ ಇಟ್ಟುಕೊಳ್ಳುತ್ತವೆ. ಅಮೆರಿಕದಲ್ಲಿ ಒಂದು ಆಪೆರಾಗೆ ಒಂದು ಕರಾರು, ಮುಗಿದರೆ ಮನೆಗೆ. ಹಾಗಾಗಿ ಒಂದು ತರಬೇತಿಯಿಂದ ಇನ್ನೊಂದಕ್ಕೆ ದಾಟುತ್ತ, ಮದುವೆಯಾಗಿ ಮಕ್ಕಳಾದವರೂ ‘ಯುವ ಕಲಾವಿದ’ರಾಗಿಯೇ ಉಳಿಯುತ್ತಾರೆ. 1957ರಲ್ಲಿ ಕಲಿಯುವ ಜಾಗಕ್ಕೆ ಕೊರತೆಯಿತ್ತು, ಕ್ರಾಸ್ಬಿ ಅದನ್ನು ತುಂಬಿದರು. ಇವತ್ತಿನ ಕೊರತೆ ಕೆಲಸದ್ದು. ಅದನ್ನು ತರಬೇತಿಯಿಂದ ತುಂಬಲು ಹೊರಟಿದ್ದಾರೆ.

ಸಾಂಟಾ ಫೆಯಂಥ ಮನೆ ಮನಸ್ಸು ಮಾಡಿದರೆ ಒಂದು ಕೆಲಸ ಆಗುತ್ತದೆ. ಐದು ಆಪೆರಾಗಳಲ್ಲಿ ಒಂದರ ಕೊನೆಯ ಆಟವನ್ನು ಪೂರ್ತಿಯಾಗಿ ಕವರ್‌ಗಳಿಗೇ ಬಿಟ್ಟುಕೊಡಲಿ. ಅದೇ ವಾದ್ಯವೃಂದ, ಅದೇ ಕಂಡಕ್ಟರ್, ಅದೇ ಉಡುಪು. ಪಾತ್ರ ಹೇಗೂ ಬಾಯಿಗೆ ಬಂದಿದೆ, ಜಾಗ ಹೇಗೂ ಕಾಲಿಗೆ ಗೊತ್ತಿದೆ. ಟಿಕೆಟ್ಟನ್ನು ಅರ್ಧ ಬೆಲೆಗೆ ಮಾರಲಿ. ಭಾನುವಾರದ ತುಣುಕುಗಳಿಗೇ ಬರುವ ಆ ಊರಿನ ಜನ ಇದಕ್ಕೆ ಮಳೆಯಿದ್ದರೂ ಬರುತ್ತಾರೆ.