ಬೇರೆ ಅಕ್ಷಾಂಶದ ಚಳಿಗಾಲ

ಮಾಗಿಯ ತಿಂಗಳುಗಳಲ್ಲಿ ಮನಸ್ಸಿಗೆ ಕವಿಯುವ ಮಂಕನ್ನು ಔಷಧವಿಲ್ಲದೆ, ‘ಸಹಜವಾಗಿ’ ನೀಗಿಕೊಳ್ಳುವ ಉಪಾಯಗಳಿಗೆ ಮುಂಬಯಿಯ ಉಪನಗರಗಳಲ್ಲಿ, ಅದರಲ್ಲೂ ಪವಾಯಿಯಂತಹ ವಿದ್ಯಾವಂತರ ಬಡಾವಣೆಗಳಲ್ಲಿ, ದೊರೆತಿರುವ ಮನ್ನಣೆ ಅವುಗಳ ಯೋಗ್ಯತೆಯನ್ನು ಮೀರಿದ್ದು. ಪ್ರಖರ ದೀಪ, ಡಿ ವಿಟಮಿನ್ ಗುಳಿಗೆ, ಅಶ್ವಗಂಧದ ಚೂರ್ಣ, ಎಳ್ಳೆಣ್ಣೆಯ ಅಭ್ಯಂಗ, ಬಿಸಿ ಕಷಾಯ ಎಂದು ಬೆಳೆಯುವ ಈ ಪಟ್ಟಿಯಲ್ಲಿ ಒಂದೊಂದಕ್ಕೂ ಅದರದೇ ನೆಲೆಯಿರಬಹುದು. ಆದರೆ ಒಟ್ಟು ಪಟ್ಟಿ ಪವಾಯಿಯ ಆಕಾಶವನ್ನು ನೋಡಿ ಬರೆದದ್ದಲ್ಲ.

ಅದರ ಮೂಲ ಬೇರೆಡೆ ಇದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ 29 ರೋಗಿಗಳ ವಿವರಗಳೊಡನೆ ‘ಋತುಮಾನದ ಖಿನ್ನತೆ’ಯನ್ನು, ಅಂದರೆ ಹಗಲು ಕುಗ್ಗುವ ಕಾಲದಲ್ಲಿ ಪ್ರತಿವರ್ಷ ಮರುಕಳಿಸಿ ವಸಂತದಲ್ಲಿ ತಾನಾಗಿ ಇಳಿಯುವ, ಅತಿನಿದ್ರೆ ಮತ್ತು ಸಿಹಿತಿಂಡಿಯ ಹಂಬಲವನ್ನು ಜೊತೆಗೆ ತರುವ ಖಿನ್ನತೆಯನ್ನು, ಗುರುತಿಸಿದರು. ಆ ಸಂಸ್ಥೆಯಿರುವ ವಾಷಿಂಗ್ಟನ್ನಿನ ಆಸುಪಾಸು 39 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಅಲ್ಲಿ ಡಿಸೆಂಬರಿನ ಹಗಲು ಸುಮಾರು ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಲಂಡನ್ನಿನಲ್ಲಿ ಎಂಟು ಗಂಟೆಯೂ ಉಳಿಯುವುದಿಲ್ಲ. ಪವಾಯಿ ಇರುವುದು 19 ಡಿಗ್ರಿಯಲ್ಲಿ, ವರ್ಷದ ಅತಿ ಗಿಡ್ಡ ಹಗಲೂ ಇಲ್ಲಿ ಹನ್ನೊಂದು ಗಂಟೆಗೆ ಹತ್ತಿರ. ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಲಹೆಯೂ ಇಲ್ಲಿನವರಿಗೆ ಪರಕೀಯವೇ.

ಹಾಗಾದರೆ ಇಲ್ಲಿ ಚಳಿಗಾಲದ ಮಂಕೇ ಇಲ್ಲವೆಂದು ತೀರ್ಮಾನಿಸುವ ವಿಮರ್ಶಕರೂ ಇದ್ದಾರೆ. ಅವರ ಅವಸರ ಇನ್ನೂ ದೊಡ್ಡ ತಪ್ಪು. ಪವಾಯಿಯಲ್ಲಿ ಚಳಿಗಾಲದ ಹಗಲು ಗಿಡ್ಡವಾಗುವುದಕ್ಕಿಂತ ಮಿಗಿಲಾಗಿ ತಡವಾಗುತ್ತದೆ, ಮತ್ತು ವಿಷಯದ ತಿರುಳಿರುವುದು ಇಲ್ಲಿಯೇ. ಭಾರತದ ಅಧಿಕೃತ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮುಂಬಯಿ ಸುಮಾರು 73ರಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ ಇಲ್ಲಿನ ಸೂರ್ಯ ಗೋಡೆಯ ಗಡಿಯಾರಕ್ಕಿಂತ 39 ನಿಮಿಷದಷ್ಟು ಹಿಂದೆ ಬೀಳುತ್ತಾನೆ. ಈ ನಗರಕ್ಕೆ ಇದು ತಿಳಿಯದ ಸಂಗತಿಯೇನಲ್ಲ: 1906ರಲ್ಲಿ ದೇಶಕ್ಕೆಲ್ಲ ಒಂದೇ ವೇಳೆ ಬಂದ ಮೇಲೂ ‘ಬಾಂಬೆ ಟೈಮ್’ 1955ರವರೆಗೆ ಇಲ್ಲಿ ಬಳಕೆಯಲ್ಲಿತ್ತು. ಜೂನ್ ಮೊದಲಲ್ಲಿ ಆರು ಗಂಟೆಗೆ ಮೂಡುವ ಸೂರ್ಯ ಜನವರಿಯ ನಡುವೆ ಏಳೂಕಾಲಿಗೆ ಮೂಡುತ್ತಾನೆ, ಆದರೆ ಶಾಲೆಯ ಬಸ್ಸಾಗಲಿ ಲೋಕಲ್ ರೈಲಾಗಲಿ ಕಚೇರಿಯಾಗಲಿ ಅವನಿಗಾಗಿ ಕಾಯುವುದಿಲ್ಲ. ಬೇಸಿಗೆಯಲ್ಲಿ ಬೆಳಕಿಗೆ ಏಳುತ್ತಿದ್ದವರು ಚಳಿಗಾಲದಲ್ಲಿ ಅದೇ ಹೊತ್ತಿಗೆ ಕತ್ತಲಲ್ಲಿ ಏಳುತ್ತಾರೆ, ಮತ್ತು ದೇಹದ ಒಳಗಡಿಯಾರ, ಅಂದರೆ ನಿದ್ರೆ-ಎಚ್ಚರಗಳ ಲಯವನ್ನು ಕಣ್ಣಿಗೆ ಬಿದ್ದ ಬೆಳಕಿನಿಂದ ದಿನದಿನವೂ ಸರಿಪಡಿಸಿಕೊಳ್ಳುವ ಮಿದುಳಿನ ವ್ಯವಸ್ಥೆ, ಹೊರಗಿನ ಗಡಿಯಾರದಿಂದ ಹಿಂದೆ ಉಳಿಯುತ್ತದೆ. ಮುಂಜಾವಿನ ಜಡತೆಗೂ ಬೇಗ ಕೆರಳುವ ಮನಸ್ಸಿಗೂ ಕಾರಣವನ್ನು ಹುಡುಕಬೇಕಾದುದು ಚಳಿಯಲ್ಲಿ ಅಲ್ಲ, ಈ ಅಂತರದಲ್ಲಿ.

‘ಎಳೆಬಿಸಿಲಿಗೆ ಮೈಯೊಡ್ಡಿ’ ಎಂಬ ಜನಪ್ರಿಯ ಸಲಹೆಯನ್ನು ಈ ಬೆಳಕಿನಲ್ಲಿ ಒರೆಗೆ ಹಚ್ಚಬೇಕು, ಏಕೆಂದರೆ ಅದು ಸರಿಯಾದ ಕೆಲಸವನ್ನು ತಪ್ಪು ಕಾರಣಕ್ಕೆ ಮಾಡಿಸುತ್ತದೆ. ಎಳೆಬಿಸಿಲಿನಿಂದ ಡಿ ವಿಟಮಿನ್ ದೊರೆತು ಮನಸ್ಸು ಅರಳುತ್ತದೆ ಎಂಬ ವಿವರಣೆ ಎರಡು ಬೇರೆ ದಾರಿಗಳನ್ನು ಬೆರೆಸುತ್ತದೆ. ಡಿ ವಿಟಮಿನ್ ಹುಟ್ಟುವುದು ಚರ್ಮದಲ್ಲಿ. ಅದಕ್ಕೆ ಬೇಕಾದ ಅತಿನೇರಳೆ ಕಿರಣ, ಸೂರ್ಯ ಓರೆಯಾಗಿರುವ ಬೆಳಗಿನ ಹೊತ್ತಿನಲ್ಲಿ ದಟ್ಟ ವಾಯುಪದರವನ್ನು ದಾಟಿ ಬರುವಷ್ಟರಲ್ಲಿ ಬಹುಮಟ್ಟಿಗೆ ಸೋಸಿಹೋಗಿರುತ್ತದೆ. ಒಳಗಡಿಯಾರಕ್ಕೆ ಬೇಕಾದ ಬೆಳಕು ಹೋಗುವುದು ಕಣ್ಣಿನ ಮೂಲಕ, ಅದಕ್ಕೆ ಬೆಳಗಿನ ಹೊತ್ತೇ ಸರಿ. ಈ ಬೆರಕೆಯಿಂದಾಗುವ ನಷ್ಟ ಸಣ್ಣದಲ್ಲ: ವಿಟಮಿನ್ ಗುಳಿಗೆ ನುಂಗಿದವರು ಬಿಸಿಲಿನ ಕೆಲಸ ಮುಗಿಯಿತೆಂದು ಒಳಗೇ ಉಳಿಯುತ್ತಾರೆ. ಪಶ್ಚಿಮದ ಚಿಕಿತ್ಸಾದೀಪದ ಪ್ರಮಾಣ 10,000 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈಯೊಂದರ ಮೇಲೆ ಬೀಳುವ ಬೆಳಕಿನ ಅಳತೆ), ಅರ್ಧ ಗಂಟೆ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಸೂರ್ಯ ತುಸು ಏರಿದ ಮೇಲೆ ತೆರೆದ ಬಯಲು ಆ ದೀಪವನ್ನು ಸುಲಭವಾಗಿ ಮೀರಿಸುತ್ತದೆ. ಕುಡಿಯುವ ನೀರಿಗೆಂದು 1891ರಲ್ಲಿ ಕಟ್ಟಿ, ಆ ಉಪಯೋಗಕ್ಕೆ ಒದಗದೆ ಹೋದ ಪವಾಯಿ ಕೆರೆ ಇಂದು ಈ ಬಡಾವಣೆಗೆ ಕೊಡುತ್ತಿರುವ ದೊಡ್ಡ ವರವೆಂದರೆ ಗೋಪುರಕಟ್ಟಡಗಳು ಮುಚ್ಚದ ಆ ಆಕಾಶ. ಚಳಿಗಾಲದಲ್ಲಿ ಹೊಗೆ-ದೂಳು ನಸುಕಿನ ತಂಪುಗಾಳಿಯಲ್ಲಿ ನೆಲಕ್ಕಂಟಿ ನಿಲ್ಲುವುದರಿಂದ, ಸೂರ್ಯೋದಯಕ್ಕೆ ಮುಂಚಿನ ನಡಿಗೆಗಿಂತ ಎಂಟು ಗಂಟೆಯ ನಂತರದ ನಡಿಗೆ ಶ್ವಾಸಕೋಶಕ್ಕೂ ಮನಸ್ಸಿಗೂ ಹಿತ.

ಋತುಮಾನದ ಖಿನ್ನತೆ ಬರಿಯ ಕಟ್ಟುಕತೆ ಎನ್ನುವವರು ಸ್ಟೀವನ್ ಲೊಬೆಲ್ಲೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದೊಡ್ಡುತ್ತಾರೆ. ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಸಮೀಕ್ಷೆಯಲ್ಲಿ ಖಿನ್ನತೆಗೂ ಋತುವಿಗೂ ಅಕ್ಷಾಂಶಕ್ಕೂ ಸಂಬಂಧ ಕಾಣಲಿಲ್ಲವೆಂಬುದು ನಿಜ. ಆದರೆ ಆ ಸಮೀಕ್ಷೆ ಒಬ್ಬೊಬ್ಬರನ್ನು ಒಮ್ಮೆ ಮಾತ್ರ, ಹಿಂದಿನ ಎರಡು ವಾರಗಳ ಬಗ್ಗೆ ಕೇಳಿತು. ವರ್ಷವರ್ಷವೂ ಅದೇ ತಿಂಗಳಲ್ಲಿ ಕುಸಿಯುವ ಕೆಲವರು ಅಂತಹ ಸರಾಸರಿಯಲ್ಲಿ ಮುಳುಗಿಹೋಗುವುದು ಸುಲಭ. ಇಂಥವರ ಮೇಲೆಯೇ ಕೆನಡಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 96 ರೋಗಿಗಳ ನಡುವೆ ದೀಪವೂ ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಯೂ ಸರಿಸಮವಾದ ಫಲ ಕೊಟ್ಟವು. ನರಳುವವರ ಅನುಭವವನ್ನು ಸರಾಸರಿಯ ಹೆಸರಿನಲ್ಲಿ ಅಳಿಸಿಹಾಕುವುದು ವಿಮರ್ಶೆಯಲ್ಲ, ನಿರ್ದಯತೆ. ಎರಡು ವಾರ ದಾಟಿಯೂ ಬಿಡದ ಮಂಕು, ಬದುಕು ಬೇಡವೆನಿಸುವ ಭಾವ ಇರುವವರನ್ನು ಕಷಾಯಕ್ಕೆ ಒಪ್ಪಿಸುವುದೂ ಅಷ್ಟೇ ನಿರ್ದಯ. ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆ ಇರುವುದು ಇಂಥವರಿಗಾಗಿ.

ಪರಂಪರೆಯ ಹೆಸರಿನಲ್ಲಿ ನಡೆಯುವ ಓದು ಇನ್ನೊಂದು ಬಗೆಯ ಅನ್ಯಾಯ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಋತುಚರ್ಯೆಯನ್ನು, ಅಂದರೆ ಋತುವಿಗೆ ತಕ್ಕ ಆಹಾರ-ವಿಹಾರಗಳನ್ನು, ಹೇಳುವಾಗ ಹೇಮಂತ-ಶಿಶಿರಗಳನ್ನು ದೇಹಬಲವೂ ಜಠರಾಗ್ನಿಯೂ ಉತ್ತುಂಗದಲ್ಲಿರುವ ಕಾಲವೆಂದು ಎಣಿಸುತ್ತದೆ. ಬಲಗುಂದುವ ಕಾಲ ಅದರ ಪ್ರಕಾರ ಗ್ರೀಷ್ಮ ಮತ್ತು ವರ್ಷಾ. ಅಲ್ಲಿಯ ಅಭ್ಯಂಗ, ಬಿಸಿಲು, ಪುಷ್ಟಿಕರ ಆಹಾರಗಳು ಬಲಿಷ್ಠ ಋತುವಿಗೆ ತಕ್ಕ ವಿಧಿಗಳೇ ಹೊರತು ದುಃಖಕ್ಕೆ ಮದ್ದಲ್ಲ. ಮುಂಬಯಿಯಲ್ಲಿ ನಿಜಕ್ಕೂ ಬೆಳಕು ಬಡವಾಗುವುದು ಜುಲೈ-ಆಗಸ್ಟಿನ ಮೋಡದಡಿಯಲ್ಲಿ ಎಂಬುದನ್ನು ಗಮನಿಸಿದರೆ, ಹಳೆಯ ಗ್ರಂಥ ಈ ನೆಲಕ್ಕೆ ಹೊಸ ಪಟ್ಟಿಗಳಿಗಿಂತ ಹತ್ತಿರವಾಗಿದೆ. ಕನ್ನಡ ಮನೆಗಳ ಧನುರ್ಮಾಸದ ಪೂಜೆಯನ್ನು ‘ಬೆಳಕಿನ ಚಿಕಿತ್ಸೆ’ ಎಂದು ಕೊಂಡಾಡುವವರು, ಹುಗ್ಗಿಯ ನೈವೇದ್ಯ ಸೂರ್ಯೋದಯಕ್ಕೆ ಮೊದಲೇ ಮುಗಿಯುತ್ತದೆಂಬುದನ್ನು ಮರೆಯುತ್ತಾರೆ. ಆ ಆಚರಣೆಯ ನಿಜವಾದ ಬಲ ಬೇರೆ: ಒಂದು ತಿಂಗಳ ಕಾಲ ಇಡೀ ಮನೆ ಒಂದೇ ಹೊತ್ತಿಗೆ ಏಳುತ್ತದೆ, ಮತ್ತು ಒಳಗಡಿಯಾರಕ್ಕೆ ಬೆಳಕಿನ ನಂತರ ಬೇಕಾದದ್ದು ಆ ನಿಯತತೆ.

ಪವಾಯಿಯ ಕಚೇರಿಗಳಲ್ಲಿ ಅಮೆರಿಕದ ವೇಳೆಗೆ ದುಡಿಯುವವರ ಚಳಿಗಾಲವಂತೂ ಯಾವ ಪಟ್ಟಿಯಲ್ಲೂ ಸೇರಿಲ್ಲ. ನವೆಂಬರಿನ ಮೊದಲ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಸರಿದಾಗ, ನ್ಯೂಯಾರ್ಕಿನ ಒಂಬತ್ತು ಗಂಟೆ ಇಲ್ಲಿ ಸಂಜೆ ಆರೂವರೆಯಿಂದ ಏಳೂವರೆಗೆ ಜಾರುತ್ತದೆ, ಪಾಳಿ ಮುಗಿಯುವುದು ಬೆಳಗಿನ ಜಾವ ಮೂರೂವರೆಗೆ. ಮನೆ ಸೇರಿ, ಪರದೆ ಎಳೆದು ಐದಕ್ಕೆ ಮಲಗಿ ಮಧ್ಯಾಹ್ನ ಒಂದಕ್ಕೆ ಏಳುವ ನೌಕರನಿಗೆ ಕೆರೆದಂಡೆಯ ಎಳೆಬಿಸಿಲನ್ನು ಬೋಧಿಸುವುದರಲ್ಲಿ ಅರ್ಥವಿಲ್ಲ. ಅವನ ಬೆಳಗು ಆರಂಭವಾಗುವುದು ಆ ಒಂದು ಗಂಟೆಗೆ, ಮತ್ತು ಡಿಸೆಂಬರಿನಲ್ಲಿ ಅಲ್ಲಿಂದ ಅವನಿಗೆ ಉಳಿಯುವುದು ಐದು ಗಂಟೆಗಳ ಬೆಳಕು.